ಶಾಮಣ್ಣನವರು ದಾನ ಕೊಟ್ಟ ಎದೆನೋವು

ಜಯನಗರದ ಆರನೇ ಬ್ಲಾಕಿನಲ್ಲಿ, ಯಡಿಯೂರು ಕೆರೆಗೆ ಬೆನ್ನು ಹಾಕಿಕೊಂಡಿರುವ ನಮ್ಮ ಅಡ್ಡರಸ್ತೆಯಲ್ಲಿ ಕಾಯಿಲೆ ಇಲ್ಲದ ಮನೆಯೇ ಇಲ್ಲ. ಆದರೆ ತಮ್ಮ ಕಾಯಿಲೆಯನ್ನು ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಇನ್ನೊಬ್ಬರಿಗೆ ಪರಭಾರೆ ಮಾಡಿ, ಆ ಪರಭಾರೆ ಊರ್ಜಿತವೋ ಅಲ್ಲವೋ ಎಂದು ಗ್ರಾಹಕರ ವೇದಿಕೆಯವರೆಗೆ ಹೋದವರು ನಮ್ಮ ಎದುರು ಮನೆಯ ಶಾಮಣ್ಣನವರೊಬ್ಬರೇ. ಆ ಇಬ್ಬರು ಸಾಕ್ಷಿಗಳಲ್ಲಿ ನಾನೂ ಒಬ್ಬ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕವಿದೆ ಎಂದು ಓದುಗರು ದಯವಿಟ್ಟು ತಿಳಿಯಬೇಕು.

ಶಾಮಣ್ಣನವರು ಆಸ್ತಿ ನೋಂದಣಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಸೈಟುಗಳೂ ಮನೆಗಳೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದನ್ನು ನೋಡಿ ನೋಡಿ, ಪ್ರಪಂಚದಲ್ಲಿರುವುದೆಲ್ಲ ಕ್ರಯಕ್ಕೆ, ದಾನಕ್ಕೆ ಅಥವಾ ಉಯಿಲಿಗೆ ಒಳಪಟ್ಟದ್ದು ಎಂಬ ತೀರ್ಮಾನಕ್ಕೆ ಬಂದಿದ್ದರು. ಮಗಳ ಮದುವೆಯಲ್ಲಿ ಧಾರೆ ಎರೆದ ಕೈಯನ್ನು ಒರೆಸಿಕೊಳ್ಳುತ್ತಲೇ, "ಇದು ರದ್ದು ಮಾಡೋಕಾಗದ ದಾನ, ಗೊತ್ತಾಯ್ತಲ್ಲ?" ಎಂದು ಬೀಗರಿಗೆ ಹೇಳಿ ಅವರ ಮುಖ ಬಾಡಿಸಿದವರು. ಯಾರು ಏನು ಹೇಳಿದರೂ ತೋರುಬೆರಳೆತ್ತಿ "ಇದರಲ್ಲೊಂದು ಪಾಯಿಂಟ್ ಇದೆ" ಎನ್ನುತ್ತಿದ್ದರು. ಪಾಯಿಂಟು ಏನೆಂದು ಕೊನೆಗೆ ಅವರಿಗೂ ತಿಳಿಯುತ್ತಿರಲಿಲ್ಲ. ಅವರ ಹೆಂಡತಿ ಪಂಕಜಮ್ಮ ಮಾತ್ರ, "ಪಾಯಿಂಟ್ ಅಲ್ಲಿಟ್ಟು ಹಾಲು ತಗೊಂಡ್ ಬನ್ನಿ" ಎಂದು ಪಾತ್ರೆ ಕೊಟ್ಟು ಕಳಿಸುತ್ತಿದ್ದರು.

ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಶಾಮಣ್ಣನವರಿಗೆ ಎದೆ ನೋಯತೊಡಗಿತು. ಮೆಟ್ಟಿಲು ಹತ್ತಿದರೆ ನೋವು, ಉಂಡರೆ ನೋವು, ಪಂಕಜಮ್ಮ ಕೂಗಿದರೆ ಇನ್ನೂ ನೋವು. ಮೂಲೆ ಕ್ಲಿನಿಕ್ಕಿನ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಹಾರ್ಟ್ ಇರಬೇಕು ಸಾರ್, ದೊಡ್ಡ ಆಸ್ಪತ್ರೇಲಿ ತೋರಿಸಿಬಿಡಿ" ಎಂದು ಚೀಟಿ ಬರೆಯಲು ಪೆನ್ನು ತೆಗೆಯುವಷ್ಟರಲ್ಲಿ ಶಾಮಣ್ಣನವರು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಿದ್ದರು. ದೊಡ್ಡ ಆಸ್ಪತ್ರೆ ಎಂದರೆ ಅವರಿಗೆ ಅಷ್ಟು ಭಯ.

ಪಂಕಜಮ್ಮ ಪುರೋಹಿತ ಚಕ್ರಪಾಣಿಗಳನ್ನು ಕರೆಸಿದರು. ಅವರು ಕಾಫಿ ಕುಡಿದು, ಛಾಯಾದಾನ ಮಾಡಿಸಿ ಎಂದರು.

"ಕಂಚಿನ ಬಟ್ಟಲಲ್ಲಿ ಕರಗಿಸಿದ ತುಪ್ಪ ಹಾಕಿ, ಅದರಲ್ಲಿ ಮುಖ ನೋಡ್ಕೊಳ್ಳೋದು. ಆಮೇಲೆ ನೆರಳಿನ ಸಮೇತ ಬಟ್ಟಲನ್ನ ದಾನ ಕೊಟ್ಟುಬಿಡೋದು. ನೆರಳಿನ ಜೊತೆ ಕಾಯಿಲೆನೂ ಹೋಗುತ್ತೆ."

"ತಗೊಳ್ಳೋರು ಯಾರು?" ಎಂದರು ಶಾಮಣ್ಣ.

"ಸಂಜೀವಯ್ಯ ಇದ್ದಾನಲ್ಲ."

ಆ ಹೆಸರು ಕೇಳಿ ಪಂಕಜಮ್ಮ ತಲೆ ತಗ್ಗಿಸಿದರು. ಸಂಜೀವಯ್ಯನವರು ತಲಘಟ್ಟಪುರದವರು. ಬೇರೆ ಯಾರೂ ಮುಟ್ಟದ ದಾನವನ್ನು ತೆಗೆದುಕೊಳ್ಳುವುದೇ ಅವರ ಕಸುಬು. ನಮ್ಮ ರಸ್ತೆಯಲ್ಲೇ ಮೂಲೆಮನೆಯ ಸೇತುರಾಮರ ಮಂಡಿನೋವನ್ನೂ ಅವರ ಹೆಂಡತಿ ವಾರಿಜಮ್ಮನ ಅರೆತಲೆನೋವನ್ನೂ ಅವರು ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ಸೇತುರಾಮರು ಷಟಲ್ ಆಡುತ್ತಿದ್ದರು, ಸಂಜೀವಯ್ಯನವರು ಕುಂಟುತ್ತಿದ್ದರು. ಕಾಕತಾಳೀಯ ಎನ್ನಬಹುದು. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ.

ದಾನದ ದಿನ ಬೆಳಿಗ್ಗೆ ಸಂಜೀವಯ್ಯನವರು ಬಂದರು. ಸಣಕಲು ದೇಹ, ಯಾರದೋ ಅಳತೆಯ ಶರಟು. ಬಿಸಿಲಿಗೆ ಒಂದು ಕಣ್ಣು ಮುಚ್ಚಿಕೊಂಡಿದ್ದರು. ಗೇಟಿನ ಬಳಿ ನಿಂತಿದ್ದ ಸೇತುರಾಮರನ್ನು ಕಂಡು ಅಕ್ಕರೆಯಿಂದ ನಕ್ಕರು.

"ನಿಮ್ಮ ಮಂಡಿ ಚೆನ್ನಾಗಿದೆ ಸಾರ್. ಮೋಡ ಆದ್ರೆ ಸ್ವಲ್ಪ ಹಿಡ್ಕೊಳುತ್ತೆ, ಅಷ್ಟೇ. ಅಮ್ಮಾವ್ರ ತಲೆನೋವು ಮಾತ್ರ ಬಲೇ ಹಠ, ಅಮಾವಾಸ್ಯೆಗೆ ಸರಿಯಾಗಿ ಎದ್ದುಬಿಡುತ್ತೆ."

ದತ್ತು ಕೊಟ್ಟ ಮಗುವಿನ ಯೋಗಕ್ಷೇಮ ಹೇಳುವ ದನಿ ಅದು. ಸೇತುರಾಮರು "ಹೂಂ ಹೂಂ" ಎಂದು ನನ್ನ ಹಿಂದೆ ಸರಿದು ನಿಂತರು.

ಶಾಮಣ್ಣನವರು ಶಾಸ್ತ್ರವನ್ನು ತಮ್ಮ ಕಚೇರಿಯ ಪದ್ಧತಿಗೆ ಹೊಂದಿಸಿಕೊಂಡಿದ್ದರು. "ದಾನ ಊರ್ಜಿತ ಆಗ್ಬೇಕಾದ್ರೆ ಇಬ್ಬರು ಸಾಕ್ಷಿ ಬೇಕು. ತಗೊಳ್ಳೋರು ಒಪ್ಪಿದೆ ಅಂತ ಬಾಯಿಬಿಟ್ಟು ಹೇಳ್ಬೇಕು" ಎಂದು ನನ್ನನ್ನೂ ಸೇತುರಾಮರನ್ನೂ ಎರಡು ಕಡೆ ಕೂರಿಸಿದರು. ಚಕ್ರಪಾಣಿಗಳು ಮಂತ್ರ ಹೇಳಿದರು. ಶಾಮಣ್ಣ ಬಟ್ಟಲಿಗೆ ಬಗ್ಗಿ, ತಲೆ ಬಾಚಿದ್ದು ಸರಿಯಾಗಿದೆಯೇ ಎಂದೂ ಸೇರಿಸಿ ಮುಖ ನೋಡಿಕೊಂಡು, ನೀರು ಬಿಟ್ಟು ಬಟ್ಟಲನ್ನು ಮುಂದಕ್ಕೆ ನೂಕಿದರು.

"ಒಪ್ಪಿದೆ" ಎಂದರು ಸಂಜೀವಯ್ಯ.

ಶಾಮಣ್ಣ ಆಗಲೇ ಗೋಡೆಗೆ ಒರಗಿ ಕುಳಿತಿದ್ದರು. ಬಟ್ಟಲಿಗೆ ಹತ್ತಿರವಿದ್ದವನು ನಾನು. ತುಪ್ಪದಲ್ಲಿ ಶಾಮಣ್ಣನವರ ಮುಖ ಇನ್ನೂ ಇತ್ತು. ಮೀಸೆ, ಕನ್ನಡಕ, ಎಲ್ಲ ಸಮೇತ. ಅದು ನನ್ನನ್ನೇ ನೋಡುತ್ತಿತ್ತು. ಸಂಜೀವಯ್ಯ ಅದರ ಮೇಲೆ ಒಂದು ಬಟ್ಟೆ ಮುಚ್ಚಿ, ಎತ್ತಿಕೊಂಡು, ಎಡಗೈಯಿಂದ ಎದೆ ಒತ್ತಿಕೊಳ್ಳುತ್ತ ಹೊರಟುಹೋದರು. ನಾನು ಅಂದು ಎಲೆಗೆ ತುಪ್ಪ ಬೇಡವೆಂದೆ. ಆದರೂ ಆ ದಿನದ ಹೋಳಿಗೆ ಊಟ ಬಿಡಲಿಲ್ಲ.

ಶಾಮಣ್ಣನವರ ನೋವು ನಿಂತೇ ಹೋಯಿತು. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತತೊಡಗಿದರು. ಆ ಹುಮ್ಮಸ್ಸಿನಲ್ಲೇ ಒಂದು ಮೆಡಿಕ್ಲೇಮ್ ಪಾಲಿಸಿ ಮಾಡಿಸುವ ಮನಸ್ಸಾಯಿತು. ಏಜೆಂಟ್ ದುಂಡಪ್ಪ ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು. ಬಗಲಲ್ಲಿ ಚೀಲ, ಬಾಯಲ್ಲಿ ಸದಾ ನಗು.

"ಸರ, ಮೊದಲಿಂದ ಏನರ ಜಡ್ಡು ಐತೇನ್ರಿ? ಬಿಪಿ, ಸಕ್ಕರಿ, ಎದಿಬ್ಯಾನಿ?"

"ಎದೆನೋವು ಇತ್ತು. ಕೊಟ್ಟುಬಿಟ್ಟಿದ್ದೀನಿ."

"ಕೊಟ್ಟೀರಿ? ಯಾರಿಗ್ರಿ?"

"ತಲಘಟ್ಟಪುರದ ಸಂಜೀವಯ್ಯನೋರಿಗೆ. ಇಬ್ಬರು ಸಾಕ್ಷಿ ಇದ್ದಾರೆ. ನೋಡಪ್ಪ, ಇದರಲ್ಲೊಂದು ಪಾಯಿಂಟ್ ಇದೆ. ನಾನು ಸ್ಕೂಟರ್ ಇನ್ನೊಬ್ಬರಿಗೆ ಕೊಟ್ಟ ಮೇಲೆ ಸ್ಕೂಟರ್ ಇದೆಯಾ ಅಂತ ಕೇಳಿದ್ರೆ ಏನು ಹೇಳ್ಬೇಕು?"

ದುಂಡಪ್ಪ ಪೆನ್ನಿನ ತುದಿ ಕಚ್ಚಿದ. "ಇಲ್ಲ ಅನ್ಬೇಕ್ರಿ."

"ಹಾಗಾದ್ರೆ ಇಲ್ಲ ಅಂತ ಬರಿ."

ದುಂಡಪ್ಪ ಹಾಗೆಯೇ ಬರೆದ. ಅವನು ಹೊರಡುವಾಗ ಗೇಟಿನಲ್ಲಿ ಸಂಜೀವಯ್ಯನವರು ನಿಂತಿದ್ದರು. ಯಾವುದೋ ದಾನಕ್ಕೆಂದು ಈ ಕಡೆ ಬಂದಿದ್ದರಂತೆ. ಮಾತು ಕೇಳಿಸಿಕೊಂಡು, "ಅಪ್ಪಾ, ನನಗೂ ಅದೊಂದು ಮಾಡ್ಕೊಡ್ತೀಯಾ?" ಎಂದರು. ದುಂಡಪ್ಪ ಖುಷಿಯಿಂದ ಚೀಲ ಬಿಚ್ಚಿ ಜಡ್ಡಿನ ವಿಷಯ ಕೇಳಿದ. ಸಂಜೀವಯ್ಯ ಮಂಡಿಯಿಂದ ಶುರುಮಾಡಿ ಮೇಲಕ್ಕೆ ಬರುತ್ತ ಹೊಟ್ಟೆಗೆ ತಲುಪುವಷ್ಟರಲ್ಲಿ ದುಂಡಪ್ಪ ಚೀಲ ಮುಚ್ಚಿದ್ದ.

"ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮೈಯಾಗ ಇರೂದೆಲ್ಲಾ ಮೊದಲಿಂದ ಇದ್ದ ಜಡ್ಡ. ಕಂಪನ್ಯಾವ್ರು ಒಪ್ಪೂದಿಲ್ರಿ."

"ಮೊದಲಿಂದ ಇದ್ದದ್ದಲ್ಲಪ್ಪ" ಎಂದರು ಸಂಜೀವಯ್ಯ ಮೆಲ್ಲಗೆ. "ಇದರಲ್ಲಿ ನಂದು ಅನ್ನೋ ಕಾಯಿಲೆ ಒಂದೂ ಇಲ್ಲ."

ದುಂಡಪ್ಪ ಬಸ್ ಸ್ಟಾಪಿನವರೆಗೆ ಹಿಂದಿರುಗಿ ನೋಡದೆ ನಡೆದ.

ಕೆಲವು ವರ್ಷ ಸುಖವಾಗಿ ಕಳೆದವು. ಪಾಲಿಸಿಯನ್ನು ಶಾಮಣ್ಣ ವರ್ಷವರ್ಷ ತಪ್ಪದೆ ನವೀಕರಿಸಿದರು. ತಮ್ಮ ಹೃದಯದ ಬಗ್ಗೆ ಅವರಿಗೆ ಎಷ್ಟು ಹೆಮ್ಮೆ ಬಂದಿತ್ತೆಂದರೆ, ಒಂದು ದಿನ ಮಹಡಿಮನೆಯ ಬಾಡಿಗೆಯವರ ಎದುರಿಗೆ ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರಿದರು. ಹೃದಯಕ್ಕೇನೂ ಆಗಲಿಲ್ಲ. ಹೊಟ್ಟೆಯ ಕೆಳಗೆ ಏನೋ ಪಟ್ ಎಂದಿತು. ಆಸ್ಪತ್ರೆಯಲ್ಲಿ ಹರ್ನಿಯಾ ಎಂದರು. ಹಾಗೆಯೇ ಬಿಟ್ಟರೆ ಕರುಳು ಸಿಕ್ಕಿಕೊಂಡು ಪ್ರಾಣಕ್ಕೇ ಬರುತ್ತದೆ, ಬೇಗ ಆಪರೇಷನ್ ಆಗಲೇಬೇಕು ಎಂದರು. ಕೈಯಲ್ಲಿದ್ದದ್ದೆಲ್ಲ ಮಗಳ ಮದುವೆಗೆ ಕರಗಿಹೋಗಿತ್ತು. ಶಾಮಣ್ಣ ಪಾಲಿಸಿ ತೆಗೆದರು.

ಕಂಪನಿಯವರು ವಿಚಾರಣೆಗೆ ದ್ಯಾಮಣ್ಣ ಎಂಬವರನ್ನು ಕಳಿಸಿದರು. ಸಫಾರಿ ಸೂಟಿನ ಗಂಭೀರ ಮನುಷ್ಯ. ಆದರೆ ನಮ್ಮ ರಸ್ತೆಯವರು ಅವರಿಗೆ ಪ್ರಶ್ನೆ ಕೇಳುವ ಕಷ್ಟವನ್ನೇ ಕೊಡಲಿಲ್ಲ.

"ಹರ್ನಿಯಾ ಬಿಡಿ ಸಾರ್, ಅವರ ಹಾರ್ಟ್ ಕಥೆ ಕೇಳಿದ್ದೀರಾ?" ಎಂದು ಸೇತುರಾಮರು ಒಳಗೆ ಕರೆದು ಕೂರಿಸಿದರು.

"ಎಂಥ ನೋವು ಅಂತೀರಿ! ರಸ್ತೆಗೆಲ್ಲ ಕೇಳಿಸೋದು" ಎಂದರು ವಾರಿಜಮ್ಮ, ಚಕ್ಕುಲಿ ತಟ್ಟೆ ಮುಂದಿಡುತ್ತ.

"ದಾನ ಮಾಡಿಸಿದ್ದೇ ನಾನು" ಎಂದು ಚಕ್ರಪಾಣಿಗಳು ದೇವಸ್ಥಾನದಿಂದಲೇ ಓಡಿಬಂದು ಹೇಳಿದರು. "ಅಂಥ ಹೃದ್ರೋಗ ನನ್ನ ಸರ್ವೀಸಲ್ಲೇ ನೋಡಿಲ್ಲ."

ಎಲ್ಲರೂ ಶಾಮಣ್ಣನವರಿಗೆ ಸಹಾಯ ಮಾಡುತ್ತಿದ್ದೇವೆಂದೇ ತಿಳಿದಿದ್ದರು. ವಾರದೊಳಗೆ ಕಂಪನಿಯ ಉತ್ತರ ಬಂತು. ಪಾಲಿಸಿದಾರರು ಮೊದಲೇ ಇದ್ದ ಹೃದ್ರೋಗವನ್ನು ಮುಚ್ಚಿಟ್ಟು ಪಾಲಿಸಿ ಪಡೆದಿದ್ದಾರೆ, ಆದ್ದರಿಂದ ಪಾಲಿಸಿಯೇ ರದ್ದು, ಹರ್ನಿಯಾಕ್ಕೂ ಏನೂ ಇಲ್ಲ ಎಂದು. ಆಸ್ಪತ್ರೆಯವರು ಇಸಿಜಿ ತೆಗೆದು, "ಇಪ್ಪತ್ತರ ಹುಡುಗನ ಹಾರ್ಟು" ಎಂದಿದ್ದರು. ಅದನ್ನೂ ಕಂಪನಿ ಒಪ್ಪಲಿಲ್ಲ. ಶಾಮಣ್ಣ ಹೊಟ್ಟೆಗೆ ಬೆಲ್ಟು ಬಿಗಿದುಕೊಂಡು ಗ್ರಾಹಕರ ವೇದಿಕೆಯಲ್ಲಿ ದೂರು ದಾಖಲಿಸಿದರು. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಪಂಕಜಮ್ಮ ದೇವರಿಗೆ ಹರಕೆ ಹೊತ್ತದ್ದು ಆವತ್ತೇ.

ಕಂಪನಿಯ ವಕೀಲರಿಗೆ ಸಂಜೀವಯ್ಯನವರ ಸಾಕ್ಷಿ ಬೇಕಾಯಿತು. ಅವರನ್ನು ಕರೆಯಲು ತಲಘಟ್ಟಪುರಕ್ಕೆ ಹೋದ ದ್ಯಾಮಣ್ಣನವರು ಹಿಂದಿರುಗುವಾಗ ನೇರ ಶಾಮಣ್ಣನವರ ಮನೆಗೆ ಬಂದರು. ಪಂಕಜಮ್ಮ ಕೊಟ್ಟ ನೀರು ಅರ್ಧ ಸಫಾರಿಯ ಮೇಲೇ ಚೆಲ್ಲಿತು.

"ಆ ಮನೇಲಿ ಹಲಗೆ ಮೇಲೆ ಸಾಲಾಗಿ ಬಟ್ಟಲು ಇಟ್ಟಿದ್ದಾರೆ ಸಾರ್. ಎಲ್ಲದಕ್ಕೂ ಬಟ್ಟೆ ಮುಚ್ಚಿದೆ. ಆ ಮನುಷ್ಯ ಒಳಗೆ ಕೆಮ್ಮುತಾ ಇದ್ದ. ನಾನು ಒಂದರ ಬಟ್ಟೆ ಎತ್ತಿದೆ."

"ಏನಿತ್ತು?"

"ನೀವಿದ್ರಿ."

ಪಂಕಜಮ್ಮ ಲೋಟಕ್ಕೆ ಮತ್ತೆ ನೀರು ತುಂಬಿದರು.

"ತುಪ್ಪ ಹೆಪ್ಪುಗಟ್ಟಿತ್ತು ಸಾರ್. ಆದ್ರೂ ಮೇಲೆ ಕೆಳಗೆ ಆಡ್ತಾ ಇತ್ತು. ಉಸಿರಾಡೋ ಥರ."

ಶಾಮಣ್ಣ ತಮ್ಮ ನರೆತ ಮೀಸೆ ಸವರಿಕೊಂಡು, "ಮೀಸೆ ಕಪ್ಪಗಿತ್ತಾ, ಬೆಳ್ಳಗಿತ್ತಾ?" ಎಂದರು.

"ಕಪ್ಪು."

"ಹಾಗಾದ್ರೆ ದಾನದ ದಿನದ ನಾನೇ. ಇದರಲ್ಲೊಂದು ಪಾಯಿಂಟ್ ಇದೆ. ಮಾಲು ಅವರ ಸ್ವಾಧೀನದಲ್ಲಿದೆ ಅಂತ ಕಂಪನಿ ಮನುಷ್ಯರೇ ಒಪ್ಪಿದ ಹಾಗಾಯ್ತು."

ದ್ಯಾಮಣ್ಣನವರು ಲೋಟ ಕೆಳಗಿಟ್ಟು, ಮರುದಿನವೇ ಹಡಗುಗಳ ವಿಮೆ ನೋಡುವ ಮೆರೈನ್ ವಿಭಾಗಕ್ಕೆ ವರ್ಗ ಕೇಳಿಕೊಂಡರು. ಬೆಂಗಳೂರಿನಲ್ಲಿ ಸಮುದ್ರವಿಲ್ಲದ್ದರಿಂದ ಅಲ್ಲಿ ಯಾರ ಮನೆಗೂ ಹೋಗಬೇಕಾಗಿಲ್ಲ ಎಂದು ಅವರ ಲೆಕ್ಕಾಚಾರ.

ವಿಚಾರಣೆಯ ದಿನ ನಮ್ಮ ಅಡ್ಡರಸ್ತೆಯೆಲ್ಲ ಗ್ರಾಹಕರ ವೇದಿಕೆಯಲ್ಲಿತ್ತು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಸಿಡುಕಿನವರು. ಕಂಪನಿಯ ವಕೀಲರು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ ದಾನದ ಕಥೆ ಹೇಳಿಸಿದರು. ಕೊನೆಗೆ ಸಂಜೀವಯ್ಯನವರನ್ನು ಕರೆದರು. ಅವರು ಬಾಗಿಲಿನಿಂದ ಸಾಕ್ಷಿಕಟ್ಟೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ಹಿಡಿದು ನಿಂತರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ನಾನು ನೋಡಿದ್ದಕ್ಕಿಂತ ಅರ್ಧ ಆಗಿಹೋಗಿದ್ದರು.

"ದೂರುದಾರರಿಗೆ ಹೃದ್ರೋಗ ಇತ್ತೇ?"

"ಇತ್ತು. ಈಗ ನನ್ನ ಹತ್ರ ಇದೆ."

"ಇತ್ತು ಅಂತ ಒಪ್ಪಿದ್ದಾರೆ, ದಾಖಲಿಸಿಕೊಳ್ಳಬೇಕು!" ಎಂದು ವಕೀಲರು ಕುಣಿದರು.

ಶಾಮಣ್ಣ ಎದ್ದು ನಿಂತರು. ಒಂದು ಕೈಯಲ್ಲಿ ಹರ್ನಿಯಾ, ಇನ್ನೊಂದು ಕೈಯ ತೋರುಬೆರಳು ಮೇಲೆ. ಪಂಕಜಮ್ಮ ಕಣ್ಣು ಮುಚ್ಚಿಕೊಂಡರು.

"ಸ್ವಾಮಿ, ಇದರಲ್ಲೊಂದು ಪಾಯಿಂಟ್ ಇದೆ. ದಾನ ನಿಜ ಅಂದ್ರೆ ಕಾಯಿಲೆ ಪಾಲಿಸಿಗೆ ಮುಂಚೇನೇ ಅವರಿಗೆ ಹೋಗಿದೆ, ನಂದಲ್ಲ. ದಾನ ಮೂಢನಂಬಿಕೆ ಅಂದ್ರೆ, ಕಾಯಿಲೆ ಇತ್ತು ಅನ್ನೋದಕ್ಕೆ ಇವರ ಹತ್ರ ಇರೋ ಸಾಕ್ಷಿ ಆ ದಾನ ಒಂದೇ. ಅದೂ ಹೋಯ್ತು. ಒಂದು ಡಾಕ್ಟರ್ ಚೀಟಿ ತೋರಿಸಲಿ, ನಾನು ಈಗಲೇ ಮನೆಗೆ ಹೋಗ್ತೀನಿ."

ಶಾಮಣ್ಣನವರ ಜೀವಮಾನದಲ್ಲಿ ಮೊದಲ ಬಾರಿಗೆ ಪಾಯಿಂಟಿನಲ್ಲಿ ಪಾಯಿಂಟ್ ಇತ್ತು. ಅದು ಅವರಿಗೇ ನಂಬಿಕೆಯಾಗದೆ ಬೆರಳನ್ನು ಇಳಿಸುವುದನ್ನೇ ಮರೆತರು.

ಅಧ್ಯಕ್ಷರು ಕನ್ನಡಕದ ಮೇಲಿಂದ ಸಂಜೀವಯ್ಯನವರನ್ನು ನೋಡಿ, "ಏನ್ರೀ, ಇನ್ನೊಬ್ಬರ ಕಾಯಿಲೆ ನಿಮ್ಮ ಹತ್ರ ಇದೆ ಅಂತ ಪ್ರಮಾಣ ಮಾಡಿ ಹೇಳ್ತೀರಲ್ಲ, ತಮಾಷೇನಾ?" ಎಂದು ಗದರಿದರು.

ಸಂಜೀವಯ್ಯನವರು ಅವರ ಕಡೆಗೆ ತಿರುಗಿ, ಅದೇ ಅಕ್ಕರೆಯ ನಗೆ ನಕ್ಕರು.

"ತಮ್ಮ ತಂದೆಯವರ ಉಬ್ಬಸ ಚೆನ್ನಾಗಿದೆ ಸ್ವಾಮಿ. ಚಳಿಗಾಲದಲ್ಲಿ ಮಾತ್ರ ಮಲಗೋಕೆ ಬಿಡಲ್ಲ."

ಅಧ್ಯಕ್ಷರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಯಾರೂ ಎತ್ತಿ ಕೊಡಲಿಲ್ಲ. ಅವರು ಬೇರೊಂದು ಪೆನ್ನು ತೆಗೆದುಕೊಂಡು ಆವತ್ತೇ ಆದೇಶ ಬರೆಸಿದರು. ಕಾಯಿಲೆ ಮೊದಲೇ ಇತ್ತೆಂದು ಹೇಳುವ ಕಂಪನಿಯೇ ಅದನ್ನು ವೈದ್ಯಕೀಯ ದಾಖಲೆಯಿಂದ ರುಜುವಾತು ಮಾಡಬೇಕು, ನೆರೆಹೊರೆಯವರ ಮಾತೂ ತುಪ್ಪದ ಬಟ್ಟಲೂ ಸಾಲವು, ಪಾಲಿಸಿಯನ್ನು ಹಿಂದಿನಂತೆಯೇ ಊರ್ಜಿತದಲ್ಲಿಟ್ಟು ಆಪರೇಷನ್ನಿನ ಖರ್ಚನ್ನು ಭರಿಸತಕ್ಕದ್ದು. ಕೊನೆಯಲ್ಲಿ ಒಂದು ಮಾತು ಸೇರಿಸಿದರು. ಈ ಪಾಲಿಸಿಯ ಮಟ್ಟಿಗೆ ದೂರುದಾರರಿಗೆ ಮೊದಲೇ ಇದ್ದ ಹೃದ್ರೋಗ ಎಂಬುದಿಲ್ಲ. ಇನ್ನು ಮುಂದೆ ಬಂದರೆ ಅದು ಹೊಸ ಕಾಯಿಲೆ, ಅದರ ಖರ್ಚೂ ಕಂಪನಿಯದೇ.

ನಾವು ಶಾಮಣ್ಣನವರನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೊರಗೆ ಬಂದೆವು. ಮೆಟ್ಟಿಲ ಮೇಲೆ ಸಂಜೀವಯ್ಯನವರು ಕುಳಿತಿದ್ದರು. ಬಸ್ಸಿಗೆ ನಡೆಯಲು ಅವರಿಂದ ಆಗಿರಲಿಲ್ಲ.

"ಯಾರದ್ದು ಅಂದ್ರು ಸಾರ್?"

"ನಂದಲ್ಲ ಅಂದ್ರು" ಎಂದರು ಶಾಮಣ್ಣ ಉಬ್ಬಿಕೊಂಡು.

"ಹಾಗಾದ್ರೆ ನಂದೇ." ಸಂಜೀವಯ್ಯ ತಲೆಯಾಡಿಸಿದರು. ಅವರ ದನಿಯಲ್ಲಿ ದೂರು ಇರಲಿಲ್ಲ. "ಧರ್ಮಾಸ್ಪತ್ರೆ ಡಾಕ್ಟ್ರು ಎದೆ ಕೊಯ್ದು ಆಪರೇಷನ್ ಮಾಡ್ಬೇಕು ಅಂದ್ರು. ಇಲ್ದಿದ್ರೆ ಈ ಆಷಾಢ ದಾಟಲ್ಲವಂತೆ. ಮಂಡಿ, ತಲೆ, ಉಬ್ಬಸ, ಎಲ್ಲಾ ಹೇಗೋ ಸಾಕ್ಕೊಂಡು ಬಂದೆ. ನಿಮ್ಮದೊಂದು ಮಾತ್ರ ಬಹಳ ತಿಂತು ಸಾರ್."

ಶಾಮಣ್ಣನವರು ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತರು. ಅಲ್ಲಿಂದ ಮನೆ ಸೇರುವವರೆಗೆ ಒಂದೇ ಒಂದು ಪಾಯಿಂಟನ್ನೂ ಎತ್ತಲಿಲ್ಲ. ನಮಗೆಲ್ಲ ಗಾಬರಿಯಾಯಿತು.

ಹರ್ನಿಯಾ ಆಪರೇಷನ್ ಮುಗಿದು ಹೊಲಿಗೆ ಬಿಚ್ಚಿದ ಮೇಲೆ ಅವರು ಹೇಳಿದ ಮೊದಲ ಮಾತು, "ಪಂಕಜಾ, ಕಂಚಿನ ಬಟ್ಟಲು ತೆಗಿ."

ರಸ್ತೆಯಲ್ಲಿ ದೊಡ್ಡ ಗಲಾಟೆಯಾಯಿತು. ಚಕ್ರಪಾಣಿಗಳು ತಲೆ ಚಚ್ಚಿಕೊಂಡರು. "ಕೊಟ್ಟ ದಾನ ವಾಪಸ್ ತಗೊಳ್ಳೋದಕ್ಕೆ ಶಾಸ್ತ್ರದಲ್ಲಿ ಮಂತ್ರಾನೇ ಇಲ್ಲ ಕಣ್ರೀ!"

"ವಾಪಸ್ ಯಾರು ತಗೊಂಡ್ರು? ನಾನು ಕೊಟ್ಟ ಮೇಲೆ ಅದು ಅವರ ಸ್ವತ್ತು. ಸ್ವತ್ತಿನ ಮಾಲೀಕರು ಯಾರಿಗೆ ಬೇಕಾದ್ರೂ ದಾನ ಕೊಡಬಹುದು. ಅವರು ಕೊಡ್ತಾರೆ, ನಾನು ತಗೋತೀನಿ. ನೀವು ಮೊದಲಿನ ಮಂತ್ರಾನೇ ಹೇಳಿ."

"ಸಾಯ್ತೀರಿ ಶಾಮಣ್ಣ!" ಎಂದರು ಸೇತುರಾಮರು.

"ನನಗೆ ಪಾಲಿಸಿ ಇದೆ. ಅವರಿಗಿಲ್ಲ." ಇಷ್ಟು ಹೇಳಿ ಪಂಕಜಮ್ಮನ ಕಡೆ ನೋಡಿದರು. ಪಂಕಜಮ್ಮ ಅಳುತ್ತಿದ್ದರು. ಅಳುತ್ತಲೇ ತುಪ್ಪ ಕಾಯಿಸಿ ತಂದರು. ಆ ಹೆಂಗಸಿನ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಸಂಜೀವಯ್ಯನವರನ್ನು ಆಟೋದಲ್ಲಿ ಕರೆತಂದೆವು. ಅವರು ಬಹಳ ಹಿಂಜರಿದರು. ತಗೊಂಡೇ ಅಭ್ಯಾಸ, ಕೊಟ್ಟು ಗೊತ್ತಿಲ್ಲ ಎಂದರು. ಸಾಕ್ಷಿಗಳ ಜಾಗದಲ್ಲಿ ನಾನು, ಸೇತುರಾಮರು. ಚಕ್ರಪಾಣಿಗಳು ಮೊದಲಿನ ಮಂತ್ರವನ್ನೇ ಹೇಳಿದರು. ಸಂಜೀವಯ್ಯನವರು ಬಟ್ಟಲಿಗೆ ಬಗ್ಗಿದರು. ನಾನೂ ಇಣುಕಿದೆ. ಇಣುಕಬಾರದಿತ್ತು. ತುಪ್ಪದಲ್ಲಿ ಕಂಡದ್ದು ಸಂಜೀವಯ್ಯನವರ ಮುಖವಲ್ಲ. ಕಪ್ಪು ಮೀಸೆ, ಅಚ್ಚುಕಟ್ಟಾಗಿ ಬಾಚಿದ ತಲೆ. ನನ್ನನ್ನು ಗುರುತು ಹಿಡಿದು ಅದು ಹುಬ್ಬೆತ್ತಿತು. ನಾನು ಕುಳಿತಲ್ಲೇ ಗೋಡೆಯವರೆಗೆ ಜಾರಿದೆ.

"ಒಪ್ಪಿದೆ" ಎಂದರು ಶಾಮಣ್ಣ.

ಮರುಕ್ಷಣವೇ ಎದೆ ಹಿಡಿದುಕೊಂಡು ಪಕ್ಕಕ್ಕೆ ಒರಗಿದರು. "ಬಂತು. ಅದೇ. ಹಳೇದೇ" ಎಂದರು, ಪರಿಚಯದವರನ್ನು ಕಂಡವರಂತೆ. ಮುಂದೆ ನಡೆದದ್ದು ಗಡಿಬಿಡಿ. ಎಲ್ಲರಿಗಿಂತ ಮೊದಲು ಎದ್ದು ಓಡಿ, ರಸ್ತೆ ತುದಿಯಿಂದ ಟ್ಯಾಕ್ಸಿ ಹಿಡಿದು ತಂದವರು ಸಂಜೀವಯ್ಯ. ಕುಂಟುತ್ತಲೇ ಓಡಿದರು, ಆದರೆ ಓಡಿದರು. ಆಸ್ಪತ್ರೆಯವರು ಹೊಸ ಇಸಿಜಿ ತೆಗೆದು, ಹಳೆಯದರ ಪಕ್ಕದಲ್ಲಿ ಇಟ್ಟು, ಇವು ಒಬ್ಬರದೇ ಇರಲಾರದು ಎಂದು ಪಂಕಜಮ್ಮನನ್ನು ಮತ್ತೆ ಮತ್ತೆ ಕೇಳಿದರು. ಬೈಪಾಸ್ ಆಯಿತು. ಆದೇಶದ ಕೊನೆಯ ಮಾತು ಇದ್ದುದರಿಂದ ಕಂಪನಿ ಚಕಾರವೆತ್ತಲಿಲ್ಲ. ದ್ಯಾಮಣ್ಣನವರ ಜಾಗಕ್ಕೆ ಬಂದವರು ವಿಚಾರಣೆಗೂ ಬರಲಿಲ್ಲ.

ಶಾಮಣ್ಣನವರು ಮನೆಗೆ ಬಂದು ಈಸಿಚೇರಿನಲ್ಲಿ ಕುಳಿತು, ಎದೆಯ ಹೊಲಿಗೆಯನ್ನು ಬಂದವರಿಗೆಲ್ಲ ತೋರಿಸುತ್ತ, ಇದು ಸಂಜೀವಯ್ಯನವರ ಕಡೆಯಿಂದ ಬಂದ ಸ್ವತ್ತು ಎಂದು ವಿವರಿಸುತ್ತಿದ್ದರು. ಎಲ್ಲ ಸುಖಾಂತ್ಯವಾಯಿತೆಂದು ನಾವು ಅಂದುಕೊಂಡೆವು.

ಆಷಾಢ ಕಳೆಯಿತು. ಒಂದು ಮಂಗಳವಾರ ಬೆಳಿಗ್ಗೆ ಮೋಡ ಮುಚ್ಚಿತ್ತು. ಕಾಫಿ ಹೀರುತ್ತ ವರಾಂಡದಲ್ಲಿ ನಿಂತಿದ್ದೆ. ರಸ್ತೆಯ ತುದಿಯಿಂದ ಒಂದು ಕಾಲು ಗಟ್ಟಿಯಾಗಿ, ಒಂದು ಕಾಲು ಎಳೆದುಕೊಂಡು ಬರುವ ಸದ್ದು ಕೇಳಿತು. ಸಂಜೀವಯ್ಯನವರು. ಮುಖಕ್ಕೆ ಬಣ್ಣ ಬಂದಿತ್ತು. ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು.

ನಮ್ಮ ರಸ್ತೆಯಲ್ಲಿ ಕಿಟಕಿಗಳು ಅಷ್ಟು ಬೇಗ ಮುಚ್ಚಿದ್ದನ್ನು ನಾನು ಕೋಮುಗಲಭೆಯ ಕಾಲದಲ್ಲೂ ನೋಡಿರಲಿಲ್ಲ. ಚಕ್ರಪಾಣಿಗಳು ಎದುರಿಗೆ ಬರುತ್ತಿದ್ದವರು ಹಾಗೆಯೇ ಹಿಂದಕ್ಕೆ ತಿರುಗಿ ಕೆರೆಯ ಕಡೆ ನಡೆದರು. ಸಂಜೀವಯ್ಯನವರು ಯಾರನ್ನೂ ಕೂಗಲಿಲ್ಲ. ಮೂಲೆಮನೆಯ ಗೇಟಿನ ಮುಂದೆ ನಿಂತರು. ಅವಸರವಿಲ್ಲದವರ ಹಾಗೆ.

ಸೇತುರಾಮರ ಮನೆಯ ಹಿತ್ತಲ ಬಾಗಿಲಿನಿಂದ ವಾರಿಜಮ್ಮ ನಮ್ಮ ಮನೆಗೆ ಓಡಿಬಂದು ಫೋನಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ದುಂಡಪ್ಪ ಬಿಟಿಎಂನಿಂದ ಸ್ಕೂಟರಿನಲ್ಲಿ ಬಂದ. ಗೇಟಿನ ಬಳಿ ಸಂಜೀವಯ್ಯನವರನ್ನು ನೋಡಿ, ಅವನೂ ಹಿತ್ತಲಿನಿಂದಲೇ ಒಳಹೊಕ್ಕ. ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋದರು. ಸೇತುರಾಮರು ಷಟಲ್ ಬ್ಯಾಟನ್ನು ಎದೆಗವಚಿಕೊಂಡು ಪರದೆಯ ಹಿಂದೆ ನಿಂತಿದ್ದರು.

"ಲಗೂ ಬರಿಯಪ್ಪ" ಎಂದರು, ಅವನದೇ ಭಾಷೆಯಲ್ಲಿ.

ದುಂಡಪ್ಪ ಫಾರಂ ಬಿಡಿಸಿ ಪೆನ್ನು ತೆಗೆದ.

"ಸರ, ಮೊದಲಿಂದ ಏನರ ಜಡ್ಡು ಐತೇನ್ರಿ? ಮಂಡಿಬ್ಯಾನಿ, ಗಿಂಡಿಬ್ಯಾನಿ?"

ಸೇತುರಾಮರು ಪರದೆಯನ್ನು ಒಂದಿಷ್ಟು ಸರಿಸಿ ಹೊರಗೆ ನೋಡಿದರು. ಸಂಜೀವಯ್ಯನವರು ಬಟ್ಟಲ ಮೇಲಿನ ಬಟ್ಟೆಯನ್ನು ತೆಗೆದು ಮಡಚುತ್ತಿದ್ದರು.

"ಇಲ್ಲ" ಎಂದರು ಸೇತುರಾಮರು. "ಇನ್ನೂ ಬಂದಿಲ್ಲ. ಗೇಟ್ ಹತ್ರ ಇದೆ."